ಗಾಡಿಯ ಮೂತಿ

ನವೆಂಬರ್ ೧೪, ಶುಕ್ರವಾರ

ಹೊಸ ಕರೆಂಟ್ ಜಾಕಿಗೆ ಕರೆಂಟ್ ಎಲ್ಲಿಂದ ಎಂಬ ತಲೆನೋವು ಮುಗಿಯಿತು. ಕಾರಿನ ಹಿಂದೆ ಎಳೆದೊಯ್ಯುವ ನಮ್ಮ ಗಾಡಿಮನೆಯನ್ನು ಕಾರಿಗೆ ಕಟ್ಟುವಾಗ, ಹಳೆ ಜಾಕಿಯ ಹಿಡಿಯನ್ನು ಕೈಯಲ್ಲಿ ತಿರುಗಿಸಿ ಅದರ ಮುಂದಿನ ಮೂತಿ ಎತ್ತಲು ಇವರಿಗೆ ಉಸಿರಿಲ್ಲ, ನನಗೆ ರಟ್ಟೆಯಿಲ್ಲ.

"ಕಾರಿನ ವೈರು ಸಣ್ಣದು, ಸುಟ್ಟುಹೋಗುತ್ತೆ. ಗಾಡಿಮನೆ ಬ್ಯಾಟರಿಯಿಂದಲೇ ವೈರು ಎಳೀತೀನಿ ಅಕ್ಕಾ," ಎಂದ ಎಲೆಕ್ಟ್ರಿಷಿಯನ್.

ರಾತ್ರಿಯೆಲ್ಲ ಇವರ ಉಸಿರಿನ ಮಿಷನ್ ಓಡುವುದೂ ಅದರಲ್ಲೇ. ಬೇರೆ ಬ್ಯಾಟರಿ ಹಾಕು ಎಂದೆ.

ಒಳಗಿಂದ ಇವರು ಕೂಗಿದರು: "ಯಾಕೆ ದಂಡದ ಖರ್ಚು? ಚಳಿಗಾಲ ಕಳೆದ್ರೆ ನನ್ನ ಮಿಷನ್ ನಿಂತಿರುತ್ತೆ, ಈ ಬ್ಯಾಟರಿ ಪೂರ್ತಿ ಜಾಕಿಗೇ ತಾನೆ!"

ಎಲೆಕ್ಟ್ರಿಷಿಯನ್ ತಲೆ ತಗ್ಗಿಸಿ ಸ್ಕ್ರೂ ಹುಡುಕತೊಡಗಿದ. ಅದು ಅವನ ಕೈಯಲ್ಲೇ ಇತ್ತು.

ಮೈಯೆಲ್ಲ ಉರಿಯಿತು. ಬೇರೆಯದನ್ನೇ ಹಾಕಿಸಿದೆ. ಸಂಜೆ ಗುಂಡಿ ಒತ್ತಿದರೆ ಮೂತಿ ತಾನಾಗಿ ಮೇಲೆದ್ದಿತು. ಇವರು ಕಿಟಕಿಯಿಂದ ನೋಡಿ, "ಸದ್ಯ, ಇನ್ನು ನೀನೊಬ್ಬಳೇ ಹೊರಡಬಹುದು" ಎಂದರು. ಸಿಟ್ಟಿನಿಂದಲ್ಲ, ಖುಷಿಯಿಂದಲೇ ಅಂದರು. ಅದೇ ನನಗೆ ಹೆಚ್ಚು ಚುಚ್ಚಿತು.