ಕೆಸರಿನ ಕೋಣೆಗೆ ಟೇಪು ಕತ್ತರಿಸಿದ ಸಾಹೇಬರಿಗೆ

ಸಮುದಾಯ ಕಾಲೇಜುಗಳ ಉಸ್ತುವಾರಿ ಅಧಿಕಾರಿಗಳಿಗೆ, ಬಳ್ಳಾರಿ

ಮಾನ್ಯರೇ,

ತಾವು ಉದ್ಘಾಟಿಸಿದ ಶಿಶುಪಾಲನಾ ಕೋಣೆ ಬೀಳುತ್ತದೆ. ಕೆಡವಲೆಂದೇ ಅದನ್ನು ಕಟ್ಟಿದ್ದು. ಕಟ್ಟಿದವರಲ್ಲಿ ನಾನೂ ಒಬ್ಬಳು. ಈ ಸಂಗತಿ ಟೇಪು ಕತ್ತರಿಸುವ ಮೊದಲೇ ತಮಗೆ ಗೊತ್ತಿತ್ತು. ಗೊತ್ತಿದ್ದೂ ಬರುವ ತಿಂಗಳಿಂದ ಅದರೊಳಗೆ ಕೂಲಿಯವರ ಮಕ್ಕಳನ್ನು ಮಲಗಿಸಲು ಹೊರಟಿದ್ದೀರಿ. ಗೋಡೆ ಸಿಮೆಂಟಿನದು, ಗಟ್ಟಿಯಾಗಿದೆ ಎಂದು ನಾವು ವಿದ್ಯಾರ್ಥಿಗಳು ಸಹಿ ಹಾಕುವ ತನಕ ನಮ್ಮ ಸರ್ಟಿಫಿಕೇಟು ಕೊಡುವುದಿಲ್ಲ ಎಂದೂ ಹೇಳಿ ಕಳಿಸಿದ್ದೀರಿ. ನಾನು ಸಹಿ ಹಾಕುವುದಿಲ್ಲ. ಯಾಕೆಂದು ಊರಿಗೆಲ್ಲ ತಿಳಿಯಲಿ ಎಂದೇ ಇದನ್ನು ಲಕೋಟೆಯೊಳಗೆ ಹಾಕಿ ತಮ್ಮ ಟೇಬಲ್ಲಿಗೆ ಕಳಿಸದೆ ಪೇಪರಿಗೆ ಕೊಡುತ್ತಿದ್ದೇನೆ.

ನಾನು ಸರೋಜಾ, ಸಿರುಗುಪ್ಪ ತಾಲ್ಲೂಕಿನ ದೇಶನೂರಿನವಳು. ಗದ್ದೆ ಕೆಲಸ ಇಲ್ಲದ ದಿನಗಳಲ್ಲಿ ಸಿರುಗುಪ್ಪದಲ್ಲಿ ಮನೆ ಕಟ್ಟುವ ಕಡೆ ಗಾರೆ ಬುಟ್ಟಿ ಹೊತ್ತವಳು. ಮಗಳು ಶಾಲೆಗೆ ಹೋಗುವಷ್ಟಾದ ಮೇಲೆ ತಮ್ಮ ಕಾಲೇಜಿಗೆ ಸೇರಿದೆ. ಬಸ್‌ಸ್ಟ್ಯಾಂಡಿನಲ್ಲಿ ತಾವು ಅಂಟಿಸಿದ್ದ ಪೋಸ್ಟರಿನಲ್ಲಿ ವಯಸ್ಸಿನ ಮಿತಿಯಿಲ್ಲ ಎಂದಿತ್ತು, ನಂಬಿದೆ. ವಾಸ್ತುಶಿಲ್ಪ ಮತ್ತು ಕಟ್ಟಡ ನಿರ್ಮಾಣ ತಂತ್ರಜ್ಞಾನ ಎಂದು ಕೋರ್ಸಿನ ಹೆಸರು ಪೂರ್ತಿ ಹೇಳುವಷ್ಟರಲ್ಲಿ ನಾಲಿಗೆ ತೊಡರುತ್ತಿತ್ತು, ಆದರೂ ಕೇಳಿದವರಿಗೆಲ್ಲ ಪೂರ್ತಿಯೇ ಹೇಳುತ್ತಿದ್ದೆ. ಕಾಲೇಜು ಎಂದರೆ ಬಳ್ಳಾರಿಯಲ್ಲಿ ಬಾಗಿಲು ಹಾಕಿ ಬಿಟ್ಟಿದ್ದ ಜೀನ್ಸ್ ಹೊಲಿಯುವ ಶೆಡ್ಡು. ಗುಡಿಸಿದರೆ ಇವತ್ತಿಗೂ ನೀಲಿ ದಾರ ಬರುತ್ತದೆ. ಇರಲಿ, ಅದಕ್ಕೆ ನಾವ್ಯಾರೂ ತಕರಾರು ತೆಗೆಯಲಿಲ್ಲ.

ಮೊದಲ ಸಲ ಒಂದು ಮನೆಯ ನಕ್ಷೆ ಬರೆದು ಊರಿಗೆ ಒಯ್ದಾಗ ನಮ್ಮತ್ತೆ ಅದನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದರು. "ಮನಿ ಚಂದ ಐತಿ ಬಿಡವ್ವಾ. ಆದ್ರ ಒಲಿ ಇಲ್ಲಿಟ್ರ ಹೊಗಿ ಎಲ್ಲಾ ನನ್ನ ಹಾಸಿಗಿಗೇ ಬರ್ತತಿ" ಎಂದರು. ನಮ್ಮ ಮೇಷ್ಟ್ರು ಮರಿಬಸಪ್ಪನವರಿಗೆ ಇದನ್ನು ಹೇಳಿದರೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಸಾಹೇಬರೇ, ಆ ದಿನಗಳಲ್ಲಿ ನಾನು ಬಹಳ ಖುಷಿಯಾಗಿದ್ದೆ. ತಲೆಯ ಮೇಲೆ ಬುಟ್ಟಿ ಹೊತ್ತು ಹತ್ತಿದ ಮೆಟ್ಟಿಲುಗಳನ್ನೇ ಕಾಗದದ ಮೇಲೆ ಪೆನ್ಸಿಲಿನಲ್ಲಿ ಎಳೆಯುತ್ತಿದ್ದೆ.

ಇನ್ನು ಕೆಸರಿನ ವಿಷಯ. ಓದುವ ಸಾರ್ವಜನಿಕರಿಗೆ ತಿಳಿದಿರಲಿಕ್ಕಿಲ್ಲ, ತಮಗೆ ತಿಳಿದಿದೆ. ಕಲಿಯುವವರು ಗೋಡೆ ಕಟ್ಟುವುದು ಸಿಮೆಂಟಿನಲ್ಲಿ ಅಲ್ಲ, ಬರೀ ಕೆಸರಿನಲ್ಲಿ. ಕಟ್ಟಬೇಕು, ಮೇಷ್ಟ್ರು ತೂಕದ ದಾರ ಬಿಟ್ಟು ನೆಟ್ಟಗಿದೆಯೇ ಎಂದು ನೋಡಬೇಕು, ಬೈಯಬೇಕು, ಆಮೇಲೆ ಕೆಡವಿ ಇಟ್ಟಿಗೆ ತೊಳೆದು ಒಟ್ಟಬೇಕು. ಮುಂದಿನ ವಾರ ಅದೇ ಇಟ್ಟಿಗೆಯಲ್ಲಿ ಮತ್ತೆ ಪಾಠ. ಇಷ್ಟು ಕಲಿತ ಮೇಲೆ ನಾಲ್ಕೂ ಮೂಲೆ ಕೂಡಿಸಿ, ಬಾಗಿಲು ಕಿಟಕಿ ಬಿಟ್ಟು ಒಂದು ಕೋಣೆ ಎಬ್ಬಿಸಿದೆವು. ಅದೂ ಕೆಸರಿನಲ್ಲೇ. ಬಿಸಿಲಿಗೆಂದು ಮೇಲೆ ತಗಡು ಹಾಸಿ ಕಲ್ಲು ಹೇರಿದ್ದೆವು. ಆಗ ತಾವು ಕಾಲೇಜು ನೋಡಲು ಬಂದಿರಿ. ಕೋಣೆಯ ಸುತ್ತ ಒಂದು ಸುತ್ತು ಹಾಕಿ, "ಚೆನ್ನಾಗಿದೆಯಲ್ರೀ ಮೇಷ್ಟ್ರೇ!" ಎಂದಿರಿ. ಆ ಮೆಚ್ಚುಗೆಯ ಹಿಂದೆ ಏನಿತ್ತೆಂದು ನಮಗೆ ಹೊಳೆಯಲಿಲ್ಲ. ತಾವು ಆ ವರ್ಷ ಕಟ್ಟಿಸಲೇಬೇಕಿದ್ದ ಶಿಶುಪಾಲನಾ ಕೋಣೆಗೆ ಇನ್ನೂ ಒಂದು ಗುದ್ದಲಿ ಮಣ್ಣೂ ತೆಗೆದಿರಲಿಲ್ಲ.

ಇದೇ ಆ ಶಿಶುಪಾಲನಾ ಕೋಣೆ ಎಂದು ತಮ್ಮ ಕಡೆಯವರು ಬಂದರು, ಕೋಣೆಗೆ ಗುಲಾಬಿ ಬಣ್ಣ ಬಂತು. ಗೋಡೆಯ ಮೇಲೆ ಮೊಲ, ಚಿಟ್ಟೆ ಬಂದವು. ಮೇಷ್ಟ್ರು ಗಾಬರಿಯಾಗಿ ತಮ್ಮನ್ನು ಕಾಣಲು ಕಚೇರಿಗೆ ಓಡಿದರು. ನಾನೂ, ನಮ್ಮ ತರಗತಿಯ ಕುರುಗೋಡಿನ ಹಂಪೇಶನೂ ಜೊತೆಗಿದ್ದೆವು. "ಸಾಹೇಬ್ರ, ಇದು ಕೆಡವೋ ಗೋಡಿ ರೀ. ಮಳಿ ಬಂದ್ರ ನಿಲ್ಲಂಗಿಲ್ಲ" ಎಂದು ಮೇಷ್ಟ್ರು ಕೈಮುಗಿದರು. ತಾವು ಏನೆಂದಿರಿ, ನೆನಪಿದೆಯೇ? ನನಗೆ ಚೆನ್ನಾಗಿ ನೆನಪಿದೆ. "ನಾನೂ ಇಂಜಿನಿಯರಿಂಗ್ ಓದಿದವನೇ ಕಣ್ರೀ, ಕೆಸರು ಯಾವುದು ಸಿಮೆಂಟು ಯಾವುದು ಗೊತ್ತಾಗಲ್ವಾ? ಒಂದು ಫೋಟೋ ಆಗಲಿ, ಮಾರನೇ ದಿನ ಕೆಡವಿ. ನಿಜವಾದ ಕೋಣೆಯನ್ನ ನಿಮ್ಮ ವಿದ್ಯಾರ್ಥಿಗಳ ಕೈಯಲ್ಲೇ ಕಟ್ಟಿಸ್ತೀನಿ. ಅದನ್ನೇ ಇವರ ಕೊನೇ ಪರೀಕ್ಷೆ ಅಂತ ಮಾಡೋಣ." ಆಮೇಲೆ ನನ್ನ ಕಡೆ ತಿರುಗಿ, "ಏನಮ್ಮಾ, ಕಟ್ತೀಯಾ?" ಎಂದು ಕೇಳಿದಿರಿ. ನನ್ನ ಜೀವಮಾನದಲ್ಲಿ ಯಾವ ಸಾಹೇಬರೂ ನನ್ನನ್ನು ಹಾಗೆ ಕೇಳಿದವರಲ್ಲ. "ಕಟ್ತೀನ್ರಿ ಸರ" ಎಂದೆ. ವಾಪಸ್ಸು ಬರುವಾಗ ಬಸ್ಸಿನಲ್ಲಿ ನಾನೂ ಹಂಪೇಶನೂ ಆ ಕೋಣೆಯ ಕಿಟಕಿ ಯಾವ ಕಡೆ ಇರಬೇಕೆಂದು ಜಗಳವಾಡಿದೆವು.

ಸಮಾರಂಭದ ದಿನ ಕತ್ತರಿಯ ತಟ್ಟೆ ಹಿಡಿದವಳು ನಾನೇ. ಚಪ್ಪಾಳೆ ಹೊಡೆದವರು ನಾವೇ. ತಮ್ಮ ಹೆಸರು ಕೆತ್ತಿದ ಕಲ್ಲನ್ನು ಬಾಗಿಲ ಪಕ್ಕ ಕೂರಿಸಲು ತಮ್ಮ ಕಡೆಯವರು ಒಂದು ಬಾಣಲಿ ಸಿಮೆಂಟು ಕಲೆಸಿದ್ದರು. ಆ ಕೋಣೆಗೆ ಸಿಮೆಂಟು ತಾಗಿದ್ದು ಅಲ್ಲೊಂದೇ ಕಡೆ. ಗೋಡೆ ಬಿದ್ದರೂ ತಮ್ಮ ಹೆಸರು ಉಳಿಯಲಿ ಎಂಬ ಮುಂದಾಲೋಚನೆಯನ್ನು ಮೆಚ್ಚಲೇಬೇಕು.

ಮಾರನೇ ದಿನ ಕೆಡವಲು ಹೋದರೆ ಬಾಗಿಲಿಗೆ ಬೀಗ. ತಮ್ಮ ಕಚೇರಿಯ ಗುಮಾಸ್ತರು, "ಉದ್ಘಾಟನಿ ಆದ ಕಟ್ಟಡ ಐತಿ. ಮುಟ್ಟಿದ್ರ ಕೇಸ್ ಆಗ್ತತಿ, ನೋಡ್ರಿ ಮತ್ತ" ಎಂದರು. ನಿಜವಾದ ಕೋಣೆ ಯಾವಾಗ ಎಂದರೆ, ಕಾಗದದಲ್ಲಿ ಕೋಣೆ ಆಗಲೇ ಮುಗಿದಿದೆ, ಇನ್ನೊಂದು ಯಾಕೆ ಎಂದರು. ತಮ್ಮನ್ನು ನೋಡಬೇಕೆಂದು ಎಷ್ಟು ಸಲ ಬಂದೆವೋ! ಒಂದು ಸಲವೂ ಒಳಗೆ ಬಿಡಲಿಲ್ಲ. ಇಟ್ಟಿಗೆಗಳೆಲ್ಲ ಆ ಕೋಣೆಯಲ್ಲೇ ಸೇರಿಹೋಗಿದ್ದರಿಂದ ಶೆಡ್ಡಿನಲ್ಲಿ ನಾವು ಗೋಡೆ ಕಟ್ಟುವುದನ್ನು ಬಾಯಲ್ಲಿ ಕಲಿತೆವು. ತಮಗೆ ನೇರವಾಗಿ ಹೇಳಿದ ತಪ್ಪಿಗೆ ಮೇಷ್ಟ್ರಿಗೆ ದೂರದ ಊರಿಗೆ ವರ್ಗ ಆಯಿತು. ಮುಂಗಾರಿನ ಎರಡು ಮಳೆಗೇ ಹಿಂದಿನ ಮೂಲೆ ಬಾಯಿ ಬಿಟ್ಟಿತು. ಆಗ ತಮ್ಮಿಂದ ನೋಟಿಸು ಬಂತು: ಇದು ವಿದ್ಯಾರ್ಥಿಗಳ ಕಳಪೆ ಕಾಮಗಾರಿ. ಬಿರುಕು ಮುಚ್ಚಿ, ಸಿಮೆಂಟಿನಲ್ಲೇ ಕಟ್ಟಿದ್ದೇವೆ ಎಂದು ಬರೆದುಕೊಟ್ಟರೆ ಮಾತ್ರ ಸರ್ಟಿಫಿಕೇಟು.

ಕಳಪೆ! ಸಾಹೇಬರೇ, ಆ ಒಂದು ಮಾತಿಗೆ ನಾನು ಶೆಡ್ಡಿನ ಹಿಂದೆ ಹೋಗಿ ಅತ್ತೆ. ಕೆಸರಿನ ಗೋಡೆಗೆ ಅದಕ್ಕಿಂತ ಚೆನ್ನಾಗಿ ಯಾರು ತಾನೇ ಮೂಲೆ ಕೂಡಿಸುತ್ತಾರೆ? ನಾವು ತಮ್ಮ ಮಾನ ಉಳಿಸಲು ಬಾಯಿ ಮುಚ್ಚಿಕೊಂಡು ಚಪ್ಪಾಳೆ ಹೊಡೆದೆವು. ತಾವು ಅದೇ ಗೋಡೆಯನ್ನು ನಮ್ಮ ಮೇಲೇ ಕೆಡವಿದಿರಿ. ಇದಕ್ಕೆ ನಮ್ಮ ಕಡೆ ನಂಬಿಸಿ ಕುತ್ತಿಗೆ ಕೊಯ್ಯುವುದು ಎನ್ನುತ್ತಾರೆ.

ನಿಜ ಹೇಳುತ್ತೇನೆ, ಸಹಿ ಹಾಕಿಬಿಡೋಣ ಎಂದು ನನಗೂ ಅನಿಸಿತ್ತು. ಸಿರುಗುಪ್ಪದ ಒಬ್ಬ ಮೇಸ್ತ್ರಿ, ಸರ್ಟಿಫಿಕೇಟು ತಂದರೆ ಸೂಪರ್‌ವೈಸರ್ ಮಾಡುತ್ತೇನೆ ಎಂದು ಕಾಯುತ್ತಿದ್ದಾನೆ. ಅದಿಲ್ಲದಿದ್ದರೆ ಮತ್ತೆ ಅದೇ ಬುಟ್ಟಿ. ಅಷ್ಟರಲ್ಲಿ ಎಲ್ಲಮ್ಮ ಸಿಕ್ಕಳು. ಎಲ್ಲಮ್ಮ ನನ್ನ ಜೊತೆ ಬುಟ್ಟಿ ಹೊತ್ತವಳು, ಈಗ ಬಳ್ಳಾರಿಯಲ್ಲೇ ಕೂಲಿ ಮಾಡುತ್ತಾಳೆ. ಸೊಂಟದ ಮೇಲೆ ಕೂಸು. ಪೇಪರಿನಲ್ಲಿ ಬಂದ ನನ್ನ ಫೋಟೋ ನೋಡಿದ್ದಾಳೆ, ತಟ್ಟೆ ಹಿಡಿದು ಹಲ್ಲು ಕಿರಿದ ಫೋಟೋ.

"ಅಕ್ಕಾ, ಬರೋ ತಿಂಗಳಿಂದ ಇವನ್ನ ಅಲ್ಲೇ ಬಿಟ್ಟು ಕೆಲಸಕ್ಕ ಹೋಗಾಕಿ ಅದೀನಿ" ಎಂದಳು. "ಮೊದ್ಲು ಅಂಜಿಕಿ ಆಗಿತ್ತು. ನೀನ ಕಟ್ಟೀದಿ ಅಂತ ಗೊತ್ತಾದ ಮ್ಯಾಲೆ ಧೈರ್ಯ ಬಂತು ನೋಡು."

ಕೂಸು ನನ್ನ ಬಳೆ ಹಿಡಿದು ಜಗ್ಗುತ್ತಿತ್ತು. "ಬಿಡಬ್ಯಾಡ ಎಲ್ಲವ್ವಾ, ನಾ ಕಟ್ಟಿದ್ದಕ್ಕ ಹೇಳಾಕತ್ತೀನಿ, ಅಲ್ಲಿ ಬಿಡಬ್ಯಾಡ" ಎಂದೆ. ಅವಳು ನನ್ನ ಮುಖ ನೋಡಿದ ಪರಿ ಹೇಗಿತ್ತೆಂದು ತಮಗೆ ಹೇಳಿ ಪ್ರಯೋಜನವಿಲ್ಲ. ಆದರೆ ಸಹಿಯ ಮಾತು ಅಲ್ಲಿಗೆ ಮುಗಿಯಿತು.

ಆದ್ದರಿಂದ ಮಾನ್ಯರೇ, ನಮ್ಮ ಬೇಡಿಕೆ ಇದು. ಬರುವ ಸೋಮವಾರ ಬೆಳಿಗ್ಗೆ ನಾವು ವಿದ್ಯಾರ್ಥಿಗಳೆಲ್ಲರೂ ಆ ಕೋಣೆಯನ್ನು ಕೆಡವುತ್ತೇವೆ. ಹಾರೆ ಪಿಕಾಸಿ ಬೇಕಿಲ್ಲ, ಕೈಯಲ್ಲೇ ಬರುತ್ತದೆ. ಬೇಕಾದರೆ ಪೊಲೀಸರನ್ನು ಕಳಿಸಿರಿ, ಅವರಿಗೂ ಒಂದೊಂದು ಇಟ್ಟಿಗೆ ತೆಗೆದು ತೋರಿಸುತ್ತೇವೆ. ತಾವು ಮಾತ್ರ ಸಿಮೆಂಟು, ಮರಳು, ಕಬ್ಬಿಣ ಕಳಿಸಬೇಕು, ಮರಿಬಸಪ್ಪ ಮೇಷ್ಟ್ರನ್ನು ವಾಪಸ್ಸು ಕರೆಸಬೇಕು. ಅದೇ ಜಾಗದಲ್ಲಿ ಪಾಯ ತೆಗೆದು ನಿಜವಾದ ಕೋಣೆ ಕಟ್ಟುತ್ತೇವೆ. ಅದನ್ನೇ ಪರೀಕ್ಷೆ ಎಂದು ತಾವೇ ಅಂದಿದ್ದಿರಿ. ತಪ್ಪಿದ್ದರೆ ನಪಾಸು ಮಾಡಿ, ತುಟಿ ಪಿಟಕ್ ಎನ್ನುವುದಿಲ್ಲ. ಮುಗಿದ ದಿನ ಟೇಪು ಬೇಡ, ಕತ್ತರಿ ಬೇಡ. ಒಳಗೆ ಮೊದಲು ಎಲ್ಲಮ್ಮ ಬರಲಿ, ಗೋಡೆ ತಟ್ಟಿ ನೋಡಲಿ, ಮನಸ್ಸಿಗೆ ಬಂದರೆ ಕೂಸನ್ನು ಇಳಿಸಲಿ.

ತಾವು ಅವತ್ತು ಕೇಳಿದ್ದಿರಿ, ಏನಮ್ಮಾ ಕಟ್ತೀಯಾ ಎಂದು. ನನ್ನ ಉತ್ತರ ಇವತ್ತಿಗೂ ಅದೇ ಇದೆ. ತಾವು ಕಟ್ಟಿಸುತ್ತೀರಾ?

ಇಂತಿ,
ತಮ್ಮ ಕತ್ತರಿಯ ತಟ್ಟೆ ಹಿಡಿದು ನಕ್ಕಿದ್ದವಳು,
ಸರೋಜಾ, ದೇಶನೂರು
(ಪರೀಕ್ಷೆಗೆ ಸಿದ್ಧ, ಸಹಿಗೆ ಅಲ್ಲ)