ಅಕ್ಕನ ಲಾಂಚಿನ ಕೆಂಪು

ಮಾರ್ಚ್ 3
ಮತ್ತೆ ಪ್ಲಾಸ್ಟಿಕ್ ಚಮಚಗಳ ಮೇಲೆ ಬಣ್ಣದ ಪರೀಕ್ಷೆ. ಅಕ್ರಿಲಿಕ್ ಬೇಗ ಒಣಗುತ್ತದೆ, ಆದರೆ ಬ್ರಶ್ಶಿನ ಗೆರೆ ಉಳಿಯುತ್ತದೆ. ಎನಾಮಲ್ ತಾನಾಗಿ ಹರಡಿ ಸಮವಾಗುತ್ತದೆ, ನಾಳೆವರೆಗೆ ಮುಟ್ಟುವಂತಿಲ್ಲ. ಇವರು ಮೂಗು ಮುಚ್ಚಿಕೊಂಡು ಬಂದರು. "ಇದು ಮನೇನೋ ಗ್ಯಾರೇಜೋ?"
ಗಂಡನಿಗೆ ಈ ಮಾಡೆಲ್ ಕಟ್ಟುವ ಹವ್ಯಾಸ ಅರ್ಥ ಮಾಡಿಸುವುದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಮುಂದಿನ ಚಮಚ ಎತ್ತಿಕೊಂಡೆ.

ಮಾರ್ಚ್ 4
ಅಕ್ಕ ಇಂದೂ ಕಿಟಕಿ ಬಿಟ್ಟು ಏಳಲಿಲ್ಲ. ಇಷ್ಟು ವರ್ಷ ಜನರನ್ನು ನದಿ ದಾಟಿಸುವ ಲಾಂಚ್ ನಡೆಸಿದವಳು. ಸೇತುವೆ ಬಂತು. ಲಾಂಚ್ ಗುಜರಿಗೆ ಹೋಯಿತು, ಅವಳು ನಮ್ಮ ಮನೆಗೆ ಬಂದಳು. ಮಾತೇ ಕಡಿಮೆ. ಅವಳಿಗೆ ಹೇಳದೆ ಅದೇ ಲಾಂಚಿನ ಮಾಡೆಲ್ ಕಟ್ಟುತ್ತಿದ್ದೇನೆ, ಮೊಳದುದ್ದ. ಬಣ್ಣವೊಂದೇ ಬಾಕಿ. ಆಟಿಕೆ ಅಂದುಬಿಟ್ಟರೆ...

ಮಾರ್ಚ್ 9
ಬಣ್ಣ ಚಿಮ್ಮಿಸುವ ಏರ್‌ಬ್ರಶ್ ತೊಳೆದು ತೊಳೆದು ಸಾಕಾಯಿತು. ಅಕ್ರಿಲಿಕ್ ದಪ್ಪವಾದರೆ ಮೂತಿ ಕಟ್ಟಿಕೊಳ್ಳುತ್ತದೆ, ತೆಳುವಾದರೆ ಸೋರುತ್ತದೆ. ಹಾಲಿನ ಹದಕ್ಕೆ ತಂದ ಮೇಲೆ — ಆಹಾ! ಗೆರೆಯಿಲ್ಲ, ಗುಳ್ಳೆಯಿಲ್ಲ. ಕನ್ನಡಿಯಂಥ ಕೆಂಪು. ಇವರೇ ಅಂದರು, "ಅಂಗಡಿಯಿಂದ ತಂದ ಹಾಗಿದೆ ಕಣೇ."

ಮಾರ್ಚ್ 10, ಸಂಜೆ
ಅಕ್ಕನ ಮುಂದಿಟ್ಟೆ. ಕೆಂಪಿನ ಮೇಲೆ ಬೆರಳಾಡಿಸಿದಳು.
"ಚೆನ್ನಾಗಿದೆ. ನನ್ನದಲ್ಲ."
"ಯಾಕಕ್ಕಾ? ಬಣ್ಣ ತಪ್ಪಾ?"
"ಬಣ್ಣ ಅದೇ. ಇಷ್ಟು ನುಣುಪು ಯಾವತ್ತಿತ್ತೇ ಅದಕ್ಕೆ? ವರ್ಷಾ ವರ್ಷಾ ನಾನೇ ಬಳೀತಿದ್ದೆ. ಬ್ರಶ್ಶಿನ ಕೂದಲು ಅಲ್ಲೇ ಅಂಟಿ ಒಣಗ್ತಿತ್ತು."
ನಕ್ಕಳು. ಇಲ್ಲಿಗೆ ಬಂದ ಮೇಲೆ ಮೊದಲ ಸಲ.

ಮಾರ್ಚ್ 11
ನನಗೆ ಮಾತ್ರ ನಗು ಬರಲಿಲ್ಲ. ಅಷ್ಟು ಕಷ್ಟಪಟ್ಟದ್ದು... ಮುಖ ಊದಿಸಿಕೊಂಡು ದಿನ ಕಳೆದೆ.

ಮಾರ್ಚ್ 14
ಮುನಿಸು ಇಳಿಯಿತು. ಅಂಗಡಿಯಿಂದ ತಂದಂಥ ಲಾಂಚ್ ಅವಳಿಗೇಕೆ? ಅಕ್ರಿಲಿಕ್, ಎನಾಮಲ್ ಎರಡು ಡಬ್ಬಿ ಕೆಂಪು, ಒಂದು ಬ್ರಶ್ ತಂದು ಕೊಟ್ಟೆ. "ನೀನೇ ಬಳಿ."
"ಯಾವುದು ನಿಧಾನಕ್ಕೆ ಒಣಗುತ್ತೆ?"
"ಎನಾಮಲ್."
"ಅದೇ ಇರ್ಲಿ. ನಮಗೇನು ಅವಸರ?"
ಮುಂಭಾಗದಿಂದ ಹಿಂಬದಿಗೆ ಒಂದೇ ಎಳೆತ. ಎಷ್ಟು ದಪ್ಪ ಬಳಿದಳೆಂದರೆ ಎನಾಮಲ್ಲೂ ಸಮವಾಗಲಿಲ್ಲ, ನನ್ನ ಕೆಂಪಿನ ತುಂಬ ಗೆರೆ. ಒರೆಸುವ ಬಟ್ಟೆಗೆ ಕೈ ಹಾಕಿ ಹಿಂದೆಗೆದೆ.
"ನೋಡ್ತಾ ಕೂತ್ಕೋಬೇಡ, ಆ ಕಡೆ ನೀ ಬಳಿ. ಒಂದ್ಸಲ ಏನಾಯ್ತು ಗೊತ್ತಾ, ಲಾಂಚ್ ತುಂಬ ಜನ, ನಡುನೀರಲ್ಲಿ ಇಂಜಿನ್ ನಿಂತೇಹೋಯ್ತು..."
ಕತೆ ಅಲ್ಲಿಗೆ ಬಂದಾಗ ಇವರು ಊಟಕ್ಕೆ ಕರೆದರು. ಉಂಡು ಬಂದು ಇದಿಷ್ಟು ಗೀಚುತ್ತಿದ್ದೇನೆ. ಪಕ್ಕದ ಕೋಣೆಯಿಂದ ಕೂಗುತ್ತಿದ್ದಾಳೆ — "ಎಲ್ಲಿ ಹೋದ್ಯೇ? ಜನ ಇನ್ನೂ ನಡುನೀರಲ್ಲಿದಾರೆ!"
ಬಂದೆ ಅಂದೆ. ಇನ್ನು ನಾಳೆ ಬರೆದರಾ—