ಗಾಡಿಗೆ ಹತ್ತು, ಮನುಷ್ಯರಿಗೆ ಐವತ್ತೈದು

ಯೂಮಾ, ಅರಿಝೋನಾ
ಗುರುವಾರ

ಪ್ರೀತಿಯ ವೆರ್ನಾ ಅಕ್ಕ,

ಅಂತೂ ಚಳಿಗಾಲ ಕಳೆಯಲು ಜಾಗ ಸಿಕ್ಕಿತು. ಈ ಕ್ಯಾಂಪಿನೊಳಗೆ ಹತ್ತು ವರ್ಷ ದಾಟಿದ ಮೋಟಾರ್ ಹೋಮ್ ಬಿಡುವುದಿಲ್ಲವಂತೆ. ನಾವು ಉಂಡು ಮಲಗುವ ಈ ಗಾಡಿಗೆ ಮೂವತ್ತಮೂರು. ನೋಡಲು ಚೆನ್ನಾಗಿದ್ದರೆ ಮಾತ್ರ ವಿನಾಯಿತಿ. ಹಾಗಾಗಿ ನಮ್ಮ ಆರ್ವಲ್ ಪೆಟ್ರೋಲ್ ಬಂಕಿನ ಹಿಂದೆ ನಿಂತು, ಬರೀ ಬನಿಯನ್ನಿನಲ್ಲಿ, ಮೂರು ದಿನ ಅದಕ್ಕೆ ಮೇಣ ಹಚ್ಚಿ ತಿಕ್ಕಿದರು. ಮದುವೆಯ ದಿನ ಬೂಟಿಗೂ ಅಷ್ಟು ಪಾಲಿಶ್ ಹಾಕಿರಲಿಲ್ಲ.

ಮ್ಯಾನೇಜರಮ್ಮ ಕನ್ನಡಕ ಏರಿಸಿಕೊಂಡು ಗಾಡಿಯ ಸುತ್ತ ಎರಡು ಸಲ ಬಂದರು. "ಗಾಡಿ ಒಳಗೆ ಬರ್ಲಿ. ನಿಮ್ಮ ಯಜಮಾನ್ರಿಗೆ ಒಂದು ಶರ್ಟ್ ಹಾಕ್ಕೊಳ್ಳೋಕೆ ಹೇಳಿ. ಅಕ್ಕಪಕ್ಕದೋರು ನೋಡೋ ಹಾಗಿರ್ಬೇಕಲ್ಲ" ಎಂದರು.

"ಅಂದ್ರೆ ನನಗಿಂತ ಗಾಡಿನೇ ವಾಸಿ ಅಂತಾಯ್ತು" ಎಂದು ಆರ್ವಲ್ ಗೊಣಗಿದರು.

ನಾನು ಆರೋಗ್ಯವಾಗಿದ್ದೇನೆ. ಇವರಿಗೆ ಬಲಗೈ ಎತ್ತಲಾಗುತ್ತಿಲ್ಲ, ಊಟದ ಹೊತ್ತಿಗೆ ಮಾತ್ರ ಏಳುತ್ತದೆ.

ಫೆಬ್ರವರಿಗೆ ನೀನೂ ನಿನ್ನ ಹೊಸ ಗಂಡ ಡ್ವೈಟ್ ಭಾವನೂ ಬರುತ್ತೀರಲ್ಲ. ನಿಮ್ಮ ಗಾಡಿ ಹೊಚ್ಚಹೊಸದು, ಅದಕ್ಕೆ ತಕರಾರಿಲ್ಲ. ಆದರೆ ಇಲ್ಲಿ ಐವತ್ತೈದು ತುಂಬದ ಮನುಷ್ಯರನ್ನು ಬಿಡುವುದಿಲ್ಲ. ಗೇಟಿನಲ್ಲಿ ಲೈಸೆನ್ಸ್ ಇಸಿದುಕೊಂಡು, ವಯಸ್ಸನ್ನು ಗಟ್ಟಿಯಾಗಿ ಓದಿ ಬರೆದುಕೊಳ್ಳುತ್ತಾರೆ. ನಿನಗೆ ಐವತ್ತೆರಡು ಎಂದು ಭಾವನ ಹತ್ತಿರ ಹೇಳಿದ್ದೀಯಲ್ಲ, ಅದಕ್ಕೇ ಮೊದಲೇ ತಿಳಿಸುತ್ತಿದ್ದೇನೆ. ನಿನ್ನೆ ನಾನು ಬರೆಸಿದ್ದು ಅರವತ್ತೊಂದು.

ಕಾರ್ಡಿನಲ್ಲಿ ಜಾಗ ಮುಗಿಯಿತು. ಮೇಣ ಇನ್ನೂ ಅರ್ಧ ಡಬ್ಬಿ ಉಳಿದಿದೆ, ನಿನಗೆಂದು ಎತ್ತಿಟ್ಟಿದ್ದೇನೆ.

ನಿನಗಿಂತ ಚಿಕ್ಕವಳಾದ ತಂಗಿ,
ಡೋರೀನ್